ಮುಚ್ಚಳ ಬಿಗಿದ ಮೇಲೆ

ಭೂಮಿಯ ಆಳದ ಬಿಸಿಯಲ್ಲಿ ನೀರು ಹೇಗೆ ವರ್ತಿಸುತ್ತದೆಂದು ತಿಳಿಯಹೊರಟ ಸಂಶೋಧಕಿಯೊಬ್ಬಳು, ದಪ್ಪ ಉಕ್ಕಿನ ಪಾತ್ರೆಗೆ ನೀರು ಹೊಯ್ದು, ಹೊಳೆಯಿಂದ ಆಯ್ದು ತಂದ ಬೆಣಚುಕಲ್ಲೊಂದನ್ನು ಅದರಲ್ಲಿ ಹಾಕಿ, ಮುಚ್ಚಳ ತಿರುಗಿಸಿ, ಕುಲುಮೆಯೊಳಗೆ ಇಟ್ಟಳು.

ಕಲ್ಲಿಗೆ ನಗು ಬಂತು. "ನೀರೇ, ಹೊಳೆಯಲ್ಲಿ ನೀನು ಹಗಲೂ ರಾತ್ರಿ ನನ್ನ ಮೇಲೆ ಹರಿದೆ. ನನ್ನ ಮೈ ನುಣುಪಾಯಿತೇ ಹೊರತು ಬೇರೇನೂ ಆಗಲಿಲ್ಲ" ಎಂದಿತು.

"ಅಲ್ಲಿ ನನಗೆ ಮುಂದೆ ಹೋಗಲು ದಾರಿಯಿತ್ತು" ಎಂದಿತು ನೀರು.

"ದಾರಿ ಕಂಡರೆ ಹರಿಯುತ್ತೀಯ, ಬಿಸಿ ತಟ್ಟಿದರೆ ಆವಿಯಾಗಿ ಓಡುತ್ತೀಯ. ನೀನು ನಿಂತು ಎದುರಿಸಿದ್ದು ಯಾವತ್ತು?" ಎಂದ ಕಲ್ಲು ಮೇಲೆ ನೋಡಿ ಹೇಳಿತು: "ಮುಚ್ಚಳವೇ, ಬಿಗಿಯಾಗಿ ಹಿಡಿದುಕೋ. ಒಂದೆಳೆ ಆವಿಯೂ ತಪ್ಪಿಸಿಕೊಳ್ಳಬಾರದು. ಇದರ ಒದ್ದಾಟ ನಾನು ನೋಡಬೇಕು."

ಮುಚ್ಚಳ ಕಚ್ಚಿ ಹಿಡಿಯಿತು. ಸುತ್ತಲಿನ ಕುಲುಮೆ ಕಾದು ಕೆಂಪಾಯಿತು. ನೀರಿಗೆ ಮೊದಲು ಹಳೆಯ ಚಾಳಿಯೇ ನೆನಪಾಗಿ, ಮೇಲೆದ್ದು ಸಂದು ಹುಡುಕಿತು. ಸಂದಿರಲಿಲ್ಲ. ಕುದಿಯೋಣವೆಂದರೆ ಕುದಿಯಲೂ ಜಾಗವಿರಲಿಲ್ಲ. ಬಿಸಿ ಏರಿತು, ಒತ್ತಡವೂ ಏರಿತು. ಹಿಂದೆಂದೂ ಇರದ ಕಸುವೊಂದು ಮೈಯಲ್ಲಿ ತುಂಬುತ್ತಿರುವುದು ನೀರಿಗೆ ಗೊತ್ತಾಯಿತು. ಅದು ಸಂದು ಹುಡುಕುವುದನ್ನು ಬಿಟ್ಟು ಕಲ್ಲಿನ ಕಡೆ ತಿರುಗಿತು.

ಹೊಳೆಗೆ ಕರಗಿಸಲಾಗದಿದ್ದ ಕಲ್ಲಿನ ಅಂಚು ಕರಗಿತು. ಆಮೇಲೆ ಮೈಯೂ ಕರಗತೊಡಗಿತು.

"ಮುಚ್ಚಳವೇ, ಸ್ವಲ್ಪ ಸಡಿಲಿಸು" ಎಂದಿತು ಕಲ್ಲು. "ಪಾಪ, ನೀರು ಹೊರಗೆ ಹೋಗಲಿ."

"ಬಿಗಿ ಹಿಡಿ ಎಂದದ್ದು ನೀನೇ ಅಲ್ಲವೇ?" ಎಂದಿತು ಮುಚ್ಚಳ.

"ಸಡಿಲಿಸಬೇಡ" ಎಂದಿತು ನೀರು. "ಈಗ ಹೋಗಲು ನನಗೂ ಮನಸ್ಸಿಲ್ಲ."