ಟಾರ್ಚು ಒಪ್ಪಿದ ಸೆಲ್ಲು

ಪದ್ದಕ್ಕನ ಮನೆಯ ಟಾರ್ಚಿಗೆ ಒಂದು ಸೆಲ್ಲು ಬೇಕಾಗಿತ್ತು. ಚಾರ್ಜರಿನಲ್ಲಿ ಹೊಟ್ಟೆ ತುಂಬಿಸಿಕೊಂಡು ಎರಡು ಇಳಿದು ಬಂದವು.

“ನನ್ನಷ್ಟು ದೊಡ್ಡ ಹೊಟ್ಟೆ ಯಾರಿಗೂ ಇಲ್ಲ” ಎಂದಿತು ಕೆಂಪು ಸೆಲ್ಲು.

“ನನ್ನದು ಸಣ್ಣದು. ಆದರೆ ಒಳಗೆ ಸೇರಿದ್ದು ಬೇಗ ಹೋಗದು” ಎಂದಿತು ಬಿಳಿ ಸೆಲ್ಲು.

ಟಾರ್ಚು ಕೆಂಪನ್ನೇ ಒಳಗೆ ಕರೆದುಕೊಂಡಿತು. ಬಿಳಿಯದು ಟಾರ್ಚು ಇದ್ದ ಡ್ರಾಯರಿನಲ್ಲೇ ಅದರ ಪಕ್ಕಕ್ಕೆ ಮಲಗಿತು.

ಮಳೆಗಾಲದವರೆಗೂ ಯಾರೂ ಟಾರ್ಚನ್ನು ಮುಟ್ಟಲಿಲ್ಲ. ಒಂದು ಸಂಜೆ ಬಚ್ಚಲಲ್ಲಿ ಚೇಳು ಕಂಡಿತು, ಆಗಲೇ ಕರೆಂಟೂ ಹೋಯಿತು. ಪದ್ದಕ್ಕ ಗುಂಡಿ ಒತ್ತಿದಳು. ಬೆಳಕಿಲ್ಲ. ಟಾರ್ಚಿನ ಬೆನ್ನಿಗೆ ಎರಡು ಗುದ್ದಿದಳು. ಆಗಲೂ ಇಲ್ಲ. ಕೆಂಪನ್ನು ಕಿತ್ತು ಬಿಳಿಯದನ್ನು ಹಾಕಿದಳು. ಬೆಳಕು ಬಿತ್ತು. ಚೇಳು ಅವಳ ಕಾಲಿನ ಹೆಬ್ಬೆರಳ ಪಕ್ಕದಲ್ಲೇ ಕೊಂಡಿ ಎತ್ತಿ ನಿಂತಿತ್ತು!

ಚೇಳಿನ ಕಥೆ ಮುಗಿದ ಮೇಲೆ ಟಾರ್ಚು ಕೆಂಪು ಸೆಲ್ಲನ್ನು ಕೇಳಿತು: “ನೀನು ಒಳಗಿದ್ದಾಗ ನಾನು ಒಮ್ಮೆಯೂ ಉರಿದಿಲ್ಲ. ನಿನ್ನೊಳಗಿದ್ದುದನ್ನು ತಿಂದವರು ಯಾರು?”

“ನನಗೂ ತಿಳಿಯದು ಸ್ವಾಮಿ. ಸುಮ್ಮನೆ ಮಲಗಿದ್ದೆ.”

“ಬಿಳಿಯದೂ ಮಲಗಿತ್ತಲ್ಲ!” ಟಾರ್ಚಿಗೆ ತಲೆಬುಡ ತಿಳಿಯಲಿಲ್ಲ. “ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ...”

“ತುಳುಕಲಿಲ್ಲ, ಸೋರಿತು” ಎಂದಿತು ಬಿಳಿ ಸೆಲ್ಲು. “ತಾವು ಕೊಡದ ಬಾಯಿ ನೋಡಿದಿರಿ, ತಳ ನೋಡಲಿಲ್ಲ.”