ಹತ್ತದ ಬಣ್ಣ

ತುಂಗಭದ್ರೆಯ ದಂಡೆಯಲ್ಲಿ ಒಂದು ಆಸ್ಪತ್ರೆ. ಆಸ್ಪತ್ರೆಯ ಹಿಂಬದಿಗೆ, ನದಿಯ ಕಡೆ ಕಿಟಕಿ ತೆರೆದ ಒಂದು ಪ್ರಯೋಗಾಲಯ. ಅಲ್ಲಿ ಡಾಕ್ಟರ್ ಅಂಬುಜಾಕ್ಷಿ ರೋಗದ ಗುರುತು ಹಿಡಿಯುತ್ತಿದ್ದರು. ಗುರುತು ಹಿಡಿಯುವುದನ್ನು ಕಲಿಸುತ್ತಲೂ ಇದ್ದರು.

ಅವರು ಸೂಕ್ಷ್ಮದರ್ಶಕದ ಹಂಗಿಲ್ಲದೆ, ಸ್ಲೈಡಿನ ಗಾಜನ್ನು ಬೆಳಕಿಗೆ ಹಿಡಿದೇ ರೋಗ ಹೇಳುತ್ತಾರೆಂದು ಒಂದು ಪ್ರತೀತಿ ಇತ್ತು. ಅದನ್ನು ಕಣ್ಣಾರೆ ಕಂಡವರು ಯಾರೂ ಸಿಗುತ್ತಿರಲಿಲ್ಲ. ಕಂಡವರನ್ನು ಕಂಡವರು ಬೇಕಾದಷ್ಟು ಮಂದಿ ಇದ್ದರು.

ಶಿಷ್ಯೆ ಮೇದಿನಿ ಆ ಪ್ರತೀತಿಯನ್ನು ಅರ್ಧ ನಂಬಿದ್ದಳು. ಉಳಿದರ್ಧದ ತೀರ್ಮಾನವನ್ನು ಸಂಶೋಧನೆ ಮುಗಿದ ಮೇಲೆ ನೋಡೋಣವೆಂದು ಮುಂದಕ್ಕೆ ಹಾಕಿದ್ದಳು.

ಅವಳ ಸಂಶೋಧನೆ ಗರ್ಭಕೋಶದ ಕ್ಯಾನ್ಸರಿನ ಮೇಲೆ. ಜೀವಕೋಶದೊಳಗೆ ತಪ್ಪು ತಿದ್ದುವ ಕೆಲವು ಪ್ರೋಟೀನುಗಳಿರುತ್ತವೆ. ಅವು ಇದ್ದಲ್ಲಿ, ತಕ್ಕ ಔಷಧ ಹಾಕಿದಾಗ ಕೋಶದ ನಡುವಣ ಬೊಟ್ಟು ಕಂದು ಬಣ್ಣ ಹಿಡಿಯುತ್ತದೆ, ಇಲ್ಲದಿದ್ದರೆ ತಿಳಿನೀಲಿಯಾಗಿಯೇ ಉಳಿಯುತ್ತದೆ. ಗಡ್ಡೆಯ ಕೋಶಗಳಿಗೆ ಆ ಬಣ್ಣ ಹತ್ತದಿದ್ದರೆ, ರೋಗ ವಂಶದಲ್ಲಿ ಇಳಿದು ಬಂದಿರಬಹುದೆಂಬ ಶಂಕೆ ಹುಟ್ಟುತ್ತದೆ.

ಬಣ್ಣ ಹತ್ತದ ಒಂದು ಸ್ಲೈಡಿಗಾಗಿ ಮೇದಿನಿ ವರ್ಷವಿಡೀ ಕಾದಿದ್ದಳು. ಒಂದು ಬೆಳಿಗ್ಗೆ ಅದು ಸಿಕ್ಕಿತು.

ಸ್ಲೈಡು ನಾಗವೇಣಿ ಎಂಬಾಕೆಯದು. ಶಸ್ತ್ರಚಿಕಿತ್ಸೆ ಚೆನ್ನಾಗಿ ನೆರವೇರಿತ್ತು. ಗಂಜಿಗೆ ಉಪ್ಪು ಸಾಲದೆಂದು ವಾರ್ಡಿನಲ್ಲಿ ಜಗಳ ತೆಗೆಯುವಷ್ಟು ಆಕೆ ಚೇತರಿಸಿಕೊಂಡಿದ್ದಳು. ಕಾರಿಡಾರಿನ ಬೆಂಚಿನ ಮೇಲೆ ಆಕೆಯ ಅಕ್ಕ ಹಾಲಮ್ಮ, ಇಬ್ಬರು ತಂಗಿಯರು, ಅವರೆಲ್ಲರ ಹೆಣ್ಣುಮಕ್ಕಳು ಮಂಡಕ್ಕಿಯ ಪೊಟ್ಟಣ ಬಿಚ್ಚಿಕೊಂಡು ಕಾಯುತ್ತಿದ್ದರು.

ಅವರ ಅಜ್ಜಿಯೂ ಇದೇ ರೋಗದಲ್ಲಿ ತೀರಿಕೊಂಡಿದ್ದಳು. ಆ ಮನೆಯ ಹೆಣ್ಣುಗಳಿಗೆ ಶಾಪವಿದೆ ಎಂದು ಊರು ಅಂದಿನಿಂದಲೂ ಆಡಿಕೊಳ್ಳುತ್ತಿತ್ತು. ಕೊಟ್ಟ ಮನೆಗಳಿಗೂ ಆ ಮಾತು ಅವರ ಹಿಂದೆಯೇ ಹೋಗಿತ್ತು. ಗಾಜು ಏನು ಹೇಳಿತೆಂದು ಹಾಲಮ್ಮ ಎದುರು ಬಂದವರನ್ನೆಲ್ಲ ಕೇಳುತ್ತಿದ್ದಳು, ಕಸ ಗುಡಿಸುವವಳನ್ನೂ ಬಿಡದೆ.

ಮೇದಿನಿ ಸ್ಲೈಡು ಹಿಡಿದು ಗುರುವಿನ ಮೇಜಿನ ಬಳಿ ಬಂದಳು.

“ಸಿಕ್ಕಿತು ಮೇಡಂ. ಬಣ್ಣ ಒಂದಿಷ್ಟೂ ಹತ್ತಿಲ್ಲ. ಇದು ವಂಶದ್ದೇ. ಅವರ ಅಕ್ಕತಂಗಿಯರು ಹೊರಗೇ ಇದ್ದಾರೆ, ಹೇಳಿಬಿಡಲೇ?”

ಅಂಬುಜಾಕ್ಷಿ ಸ್ಲೈಡನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಕ್ಷಣ ನೋಡಿ ಕೆಳಗಿಟ್ಟರು. ಪ್ರತೀತಿಯ ಉಳಿದರ್ಧ ಮೇದಿನಿಯ ಕಣ್ಣೆದುರೇ ನಡೆಯುತ್ತಿತ್ತು.

“ನನ್ನ ಕೋಟಿನ ಗುಂಡಿ ಬಿದ್ದುಹೋಗಿದೆ,” ಎಂದರು ಗುರು. “ರಾಚಮ್ಮನ ಅಂಗಡಿಯಿಂದ ಒಂದು ಬಿಳಿ ನೂಲಿನ ಉಂಡೆ ತಗೊಂಡು ಬಾ.”

“ಈಗಲೇ?”

“ಗುಂಡಿ ಈಗಲೇ ಬಿದ್ದಿದೆ.”

ಮೇದಿನಿ ಹೊರಟಳು. ನಿಮ್ಮ ಗಾಜಿಗೆ ಬಾಯಿ ಬಂತೇ ಡಾಕ್ಟ್ರಮ್ಮಾ ಎಂದು ಹಾಲಮ್ಮ ಬೆಂಚಿನಿಂದಲೇ ಕೇಳಿದಳು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಮೇದಿನಿ ಅದನ್ನು ನುಂಗಿಕೊಂಡು ನಡೆದಳು.

ಬರಿಗೈಯಲ್ಲಿ ಮರಳಿದಳು.

“ಅಂಗಡಿ ಮುಚ್ಚಿದೆ ಮೇಡಂ. ರಾಚಮ್ಮನಿಗೆ ಹುಷಾರಿಲ್ಲ ಅಂತ ಕಾಣುತ್ತದೆ. ಮೊನ್ನೆ ಕೆಮ್ಮುತ್ತಿದ್ದರು.”

“ಪಾಪ. ಕೆಮ್ಮು ಎದೆಗೆ ಇಳಿದಿರಬೇಕು.”

“ಇರಬೇಕು.”

“ಎಕ್ಸ್‌ರೇ ತೆಗೆಸಬೇಕಾದೀತು. ಅವರ ಮಗನಿಗೆ ಹೇಳಿ ಕಳಿಸೋಣವೇ?”

“ಹೇಳಿ ಕಳಿಸುವುದೇ ಒಳ್ಳೆಯದು ಮೇಡಂ.”

“ಪಕ್ಕದ ಅಂಗಡಿಯವನು ಹೇಗಿದ್ದಾನೆ?”

ಮೇದಿನಿ ತಡವರಿಸಿದಳು. “ಪಕ್ಕದ ಅಂಗಡಿಯನ್ನು ನಾನು ನೋಡಲಿಲ್ಲ. ನೀವು ಹೇಳಿದ್ದು ರಾಚಮ್ಮನ ಅಂಗಡಿ.”

“ನೋಡಿ ಬಾ.”

ಪಕ್ಕದ ಅಂಗಡಿಯ ಬಾಗಿಲೂ ಮುಚ್ಚಿತ್ತು. ಅದರಾಚೆಯ ದರ್ಜಿಯದು, ಎದುರಿನ ಬಳೆಗಾರನದು, ಮೂಲೆಯ ಹಿಟ್ಟಿನ ಗಿರಣಿ, ಎಲ್ಲವೂ. ಕಟ್ಟೆಯ ಮೇಲೆ ಕೂತಿದ್ದ ಮುದುಕನೊಬ್ಬ ಅವಳ ಮುಖ ನೋಡಿ ನಕ್ಕ. ಇವತ್ತು ಮಂಗಳವಾರ, ಪೇಟೆಗೆ ವಾರದ ರಜೆ ಎಂದು ತಿಳಿಸಿದ. ರಾಚಮ್ಮ ಎಲ್ಲಿ ಎಂದು ಕೇಳಿದರೆ ಹೊಳೆಯ ಕಡೆ ಕೈ ತೋರಿಸಿದ.

ರಾಚಮ್ಮ ಮೊಣಕಾಲುದ್ದದ ನೀರಿನಲ್ಲಿ ನಿಂತು, ನಾಲ್ಕು ಜನ ಎತ್ತಬೇಕಾದ ಕಂಬಳಿಯನ್ನು ಒಬ್ಬಳೇ ಬಂಡೆಗೆ ಬಡಿಯುತ್ತಿದ್ದಳು.

ಮೇದಿನಿ ನಡುಬೀದಿಯಲ್ಲಿ ನಿಂತುಬಿಟ್ಟಳು. ಆಮೇಲೆ ನಡೆಯಲಿಲ್ಲ, ಓಡಿದಳು.

ಸ್ಲೈಡನ್ನು ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಈ ಸಲ ಗಡ್ಡೆಯನ್ನು ನೋಡಲಿಲ್ಲ. ಗಡ್ಡೆಯ ನೆರೆಯಲ್ಲಿದ್ದ ಸಾಧಾರಣ ಕೋಶಗಳನ್ನು, ರಕ್ತನಾಳದ ಗೋಡೆಗಳನ್ನು ನೋಡಿದಳು. ರೋಗವಿರಲಿ ಬಿಡಲಿ, ಅವು ಕಂದು ಬಣ್ಣ ಹಿಡಿಯಲೇಬೇಕು. ಅವೂ ತಿಳಿನೀಲಿಯಾಗಿಯೇ ಉಳಿದಿದ್ದವು. ಇಡೀ ಬೀದಿಯೇ ಬಾಗಿಲು ಹಾಕಿಕೊಂಡಿತ್ತು.

ಅವಳು ಸ್ಲೈಡನ್ನು ತೆಗೆದು ತಾನೂ ಕಿಟಕಿಯ ಬೆಳಕಿಗೆ ಹಿಡಿದಳು. ಉದ್ದಕ್ಕೂ ನೀಲಿ, ಕಂದು ಎಂಬುದು ಎಲ್ಲಿಯೂ ಇರಲಿಲ್ಲ. ಅದನ್ನು ಕಾಣಲು ದಿವ್ಯದೃಷ್ಟಿ ಬೇಕಾಗಿರಲಿಲ್ಲ.

“ಇಷ್ಟೇನಾ ಮೇಡಂ?”

“ಇಷ್ಟೇ. ಉಳಿದದ್ದನ್ನು ನಿನಗಿಂತ ಹಿರಿಯ ವಿದ್ಯಾರ್ಥಿಗಳು ಸೇರಿಸಿದರು.”

ಮೇದಿನಿಗೆ ನಗು ಬಂತು. ಬಂದ ನಗು ಅರ್ಧದಲ್ಲೇ ನಿಂತಿತು. “ಬಣ್ಣವೇ ಕೆಲಸ ಮಾಡಿಲ್ಲ. ನಾನು ಹೊರಗೆ ಹೋಗಿ ಹೇಳಿಬಿಡುತ್ತಿದ್ದೆ. ಆ ಮಕ್ಕಳ ತಲೆಯ ಮೇಲೆ ಊರು ಹೊರಿಸಿದ ಶಾಪಕ್ಕೆ ನಮ್ಮ ಆಸ್ಪತ್ರೆಯ ಮುದ್ರೆ ಒತ್ತಿಬಿಡುತ್ತಿದ್ದೆ.”

ಗುರು ಕೋಟಿನ ಗುಂಡಿಯಿಲ್ಲದ ಜಾಗವನ್ನು ಮುಟ್ಟಿ ನೋಡಿಕೊಂಡರು.

“ನೂಲು?” ಎಂದರು.

“ನಾಳೆ.”

“ಹಾಗಾದರೆ ಬಣ್ಣವೂ ನಾಳೆಯೇ.”

ಹಾಲಮ್ಮನ ಬಳಗ ಆ ರಾತ್ರಿ ಆಸ್ಪತ್ರೆಯ ಛತ್ರದಲ್ಲಿ ಉಳಿಯಿತು. ಗಾಜಿಗೆ ಇವತ್ತು ಮೌನವ್ರತವಂತೆ ಎಂದು ಹಾಲಮ್ಮ ತಂಗಿಯರಿಗೆ ವರದಿ ಒಪ್ಪಿಸಿದಳೆಂದು ಆಮೇಲೆ ತಿಳಿಯಿತು.

ಮರುದಿನ ಮೇದಿನಿ ಅದೇ ಗಡ್ಡೆಯ ಹೊಸ ಸ್ಲೈಡಿಗೆ ಬಣ್ಣ ಹಾಕುವ ಕೆಲಸವನ್ನು ಯಾರಿಗೂ ಒಪ್ಪಿಸದೆ ತಾನೇ ಮಾಡಿದಳು. ಬಣ್ಣ ಹಾಕುವ ಮುನ್ನ ಸ್ಲೈಡನ್ನು ಬಿಸಿ ದ್ರವದಲ್ಲಿ ಹದವಾಗಿ ಕಾಯಿಸಬೇಕು. ಹಿಂದಿನ ಸಲ ಪಾತ್ರೆ ಸಾಕಷ್ಟು ಕಾದಿರಲಿಲ್ಲ. ಹಾಲು ಉಕ್ಕೀತೆಂದು ಕಾಯುವ ಹೊಸ ಸೊಸೆಯ ಹಾಗೆ ಅವಳು ಆ ಪಾತ್ರೆಯ ಮುಂದೆ ನಿಂತಳು.

ಮೊದಲು ನೆರೆಯನ್ನು ನೋಡಿದಳು. ಕೋಶ ಕೋಶವೂ ಕಂದು.

ಆಮೇಲೆ ಗಡ್ಡೆಯನ್ನು ನೋಡಿದಳು. ಅಲ್ಲಿಯೂ ಕಂದು, ಅಷ್ಟೇ ಗಾಢವಾಗಿ. ಉಳಿದ ಪ್ರೋಟೀನುಗಳ ಸ್ಲೈಡುಗಳನ್ನೂ ಅದೇ ಕ್ರಮದಲ್ಲಿ ನೋಡಿದಳು. ಇರಬೇಕಾದದ್ದೆಲ್ಲ ಇದ್ದಲ್ಲೇ ಇತ್ತು.

ವರ್ಷವಿಡೀ ಕಾದಿದ್ದ ಸ್ಲೈಡು ಹೀಗೆ ಕೈತಪ್ಪಿತು. ದುಃಖವಾಗುತ್ತಿದೆಯೇ ಎಂದು ಅವಳು ಪ್ರಾಮಾಣಿಕವಾಗಿ ಹುಡುಕಿ ನೋಡಿದಳು. ಸ್ವಲ್ಪ ಆಗುತ್ತಿತ್ತು.

“ನನ್ನ ಸಂಶೋಧನೆಗೆ ಇದರಿಂದ ಏನೂ ಸಿಗಲಿಲ್ಲ ಮೇಡಂ.”

“ಸಿಗದೆ ಹೋದದ್ದನ್ನು ಹೊರಗೆ ಕೂತವರಿಗೆ ಹೇಳಿ ನೋಡು. ಅವರಿಗೇನಾದರೂ ಸಿಗಬಹುದು.”

ಇಬ್ಬರೂ ಕಾರಿಡಾರಿಗೆ ಬಂದರು. ರೋಗ ವಂಶದಲ್ಲಿ ಇಳಿದು ಬಂದಿದೆ ಎನ್ನುವ ಗುರುತನ್ನು ಬಣ್ಣ ಹಾಕಿ ಹುಡುಕಿದೆವು, ನಾಗವೇಣಿಯ ಗಡ್ಡೆಯಲ್ಲಿ ಅದು ಕಾಣಲಿಲ್ಲ ಎಂದು ಮೇದಿನಿ ನಿಧಾನವಾಗಿ ತಿಳಿಸಿದಳು. ನಾಗವೇಣಿ ತಪ್ಪದೆ ತಪಾಸಣೆಗೆ ಬರಬೇಕು. ಉಳಿದವರಲ್ಲಿ ಯಾರಿಗಾದರೂ ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಹೋದರೆ ನಾಚಿಕೊಂಡು ಮನೆಯಲ್ಲಿ ಕೂರಬಾರದು ಎಂದೂ ಸೇರಿಸಿದಳು.

ತಂಗಿಯರಿಬ್ಬರೂ ಅತ್ತರು. ಅಳುವಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಹೆಣ್ಣುಮಕ್ಕಳಿಗೆ ಅರ್ಥವಾದದ್ದು ಊರಿಗೆ ಹೋಗಬಹುದು ಎಂಬುದಷ್ಟೇ. ಅವರು ಚೀಲ ಕಟ್ಟತೊಡಗಿದರು.

ಹಾಲಮ್ಮ ಮಾತ್ರ ಬೆಂಚು ಬಿಟ್ಟು ಏಳಲಿಲ್ಲ.

“ಶಾಪ ಇಲ್ಲ ಅಂತ ಒಂದು ಚೀಟಿ ಬರ್ಕೊಡು ತಾಯಿ,” ಎಂದು ಮೇದಿನಿಯನ್ನು ಕೇಳಿದಳು. “ನಿನ್ನ ಸಹಿ ಹಾಕಿ ಕೊಡು. ಊರಾಗೆ ಒಬ್ಬೊಬ್ಬರ ಮಖಕ್ಕೂ ಹಿಡೀತೀನಿ.”

ಮೇದಿನಿಯ ಕೈ ಆಗಲೇ ಪೆನ್ನಿಗೆ ಹೋಗಿತ್ತು. ಬರೆದುಕೊಡಬೇಕೆಂದು ಅವಳಿಗೆ ಮನಸಾರೆ ಅನಿಸಿತ್ತು.

ಅಂಬುಜಾಕ್ಷಿ ಆ ಕೈಯನ್ನು ಮೆಲ್ಲನೆ ತಡೆದು, ಹಾಲಮ್ಮನ ಪಕ್ಕದಲ್ಲಿ ಕುಳಿತರು.

“ಆ ಶಾಪಕ್ಕೆ ಹತ್ತುವಂಥ ಬಣ್ಣ ನಮ್ಮ ಹತ್ತಿರ ಇಲ್ಲವ್ವ. ನಿಮ್ಮೂರಾಗೆ ಯಾರ ಹತ್ತಿರನಾದ್ರೂ ಇದ್ದರೆ ಕೊಟ್ಟು ಕಳಿಸು, ನೋಡಿ ಹೇಳ್ತೀವಿ.”