ಕಪ್ಪು ಮಣ್ಣಿನ ಪೈಲ್ವಾನ

ಕಾಲು ಆಡಿಸ್ಬೇಡ ಪುಟ್ಟಿ, ಹೊದಿಕೆ ಒಳಗೆ ಗಾಳಿ ಹೋಗುತ್ತೆ. ಹೂಂಗುಟ್ತಾ ಇರು, ಇಲ್ಲಾಂದ್ರೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ತೀರಾ ರಾಜರ ಕಾಲ ಏನಲ್ಲ, ನಾನಿನ್ನೂ ಲಂಗ ಎತ್ತಿಕಟ್ಟಿ ಕುಂಟೆಬಿಲ್ಲೆ ಆಡ್ತಿದ್ದ ಕಾಲದಲ್ಲಿ, ಒಂದೂರಲ್ಲಿ ಒಬ್ಬ ತಾಯಿ, ಅವಳಿಗೆ ಅಪ್ಪ ಇಲ್ಲದ ಒಬ್ಬನೇ ಮಗ ಇದ್ನಂತೆ. ಹೆಸರಾ? ಹೆಸರು ಕಟ್ಕೊಂಡು ನಿನಗೇನೇ, ಹುಡುಗ ಅಂತ ಇಟ್ಕೋ. ಊದಿದ್ರೆ ಹಾರಿಹೋಗೋ ಹಂಗಿದ್ನಂತೆ. ಮಗನೇ, ನಿಮ್ಮಪ್ಪನ ಹಂಗೆ ಗರಡಿಮನೆಗೆ ಹೋಗಿ ಸಾಮು ಮಾಡು, ಮೈಕೈ ತುಂಬ್ಕೊಳ್ಲಿ ಅಂತ ತಾಯಿ ತನ್ನ ಪಾಲಿನ ಎಮ್ಮೆ ಹಾಲನ್ನೂ ದಿನಾ ಅವನಿಗೇ ಕೊಡೋಕೆ ಶುರು ಮಾಡಿದ್ಳಂತೆ.

ಮೊದಲನೇ ದಿನ ಹೊರಟ, ಕೆರೆ ಏರಿ ತನಕ ಹೋದ, ಅಲ್ಲೇ ನಿಂತ. ಅಲ್ಲಿರೋರೆಲ್ಲ ಗುಂಡುಕಲ್ಲು ಎತ್ತೋರು, ನನ್ನ ಕಡ್ಡಿಕಾಲು ನೋಡಿ ನಗಲ್ವಾ ಅಂತ. ಹಂಗೇ ಮನೆಗೆ ಹೋದ್ರೆ ಅಮ್ಮ ಕೇಳ್ತಾಳಲ್ಲ, ಅದಕ್ಕೇ ಹೊಲಕ್ಕಿಳಿದು ಮೈಗೆಲ್ಲ ಕಪ್ಪು ಮಣ್ಣು ಬಳ್ಕೊಂಡು ಬಂದ್ನಂತೆ ಕಳ್ಳ. ತಾಯಿ ಹಾಲು ಕೊಟ್ಳು, ಕುಡಿದ. ಎರಡನೇ ದಿನ ಬೇವಿನಮರದ ತನಕ ಹೋದ, ವಾಪಸ್ ಬಂದ. ಮೂರನೇ ದಿನ ಗರಡಿ ಬಾಗಿಲ ತನಕ ಹೋದ. ಅದೋ ಗಿಡ್ಡ ಬಾಗಿಲು, ಬಗ್ಗೇ ಹೋಗಬೇಕು. ಬಗ್ಗಿ ನೋಡ್ದ, ಒಳಗೆ ಹುಂ ಹುಂ ಅಂತ ಸದ್ದು, ತಗೋ, ತಿರುಗಿ ಓಟ. ಮತ್ತೆ ಮಣ್ಣು, ಮತ್ತೆ ಹಾಲು.

ಅವತ್ತು ಲೋಟ ಇಡೋಕೆ ಒಳಗೆ ಹೋದ್ರೆ, ತಾಯಿ ಹಾಲಿನ ಪಾತ್ರೆಗೆ ನೀರು ಹಾಕಿ ಅಲ್ಲಾಡಿಸಿ, ಆ ತೊಳೆದ ನೀರು ಕುಡೀತಾ ಇದ್ಳಂತೆ. ಅಯ್ಯೋ ಶಿವನೇ, ಹುಡುಗ ತನ್ನ ಖಾಲಿ ಲೋಟ ಬೆನ್ನ ಹಿಂದೆ ಬಚ್ಚಿಟ್ಕೊಂಡ್ನಂತೆ. ತಾಯಿ ಸೆರಗಲ್ಲಿ ಬಾಯೊರೆಸ್ಕೊಂಡು, ಅಲ್ಲ ಮಗನೇ, ನಿಮ್ಮಪ್ಪ ಗರಡಿಯಿಂದ ಬಂದ್ರೆ ಮೈಯೆಲ್ಲ ಕೆಂಪಗಿರ್ತಿತ್ತು, ಅರಿಶಿನ ಎಣ್ಣೆ ಘಮ್ಮಂತಿತ್ತು, ಈಗ ಅಲ್ಲೂ ಕಪ್ಪು ಮಣ್ಣು ಹಾಕಿದಾರೇನೋ ಅಂದ್ಳಂತೆ. ಬಯ್ಯಲಿಲ್ಲ, ಏನಿಲ್ಲ.

ಆಮೇಲೆ ಮಾರನೇ ದಿನ, ಒಂದು ಬೊಗಸೆ ಕೆಂಪು ಮಣ್ಣಾದ್ರೂ ತಂದುಬಿಡೋಣ ಅಂತ ಆ ಬಾಗಿಲಲ್ಲಿ ನುಸುಳಿ ಬೊಗಸೆ ಹಾಕಿದ್ನಂತೆ. ಗರಡಿ ಉಸ್ತಾದರು ಹಿಂದೇನೇ ನಿಂತಿದ್ರು! ಏನೋ, ಮಣ್ಣು ಬೇಕಾ, ಬಾ ಅಂತ ಗುದ್ದಲಿ ಕೈಗಿಟ್ರಂತೆ. ಹೊಸಬ ಬಂದ್ರೆ ಮೊದಲು ಅಖಾಡದ ಮಣ್ಣು ಅಗೆದು ಹದ ಮಾಡಬೇಕು, ಅದು ಅಲ್ಲಿನ ಪದ್ಧತಿ. ತಲೆ ತಗ್ಗಿಸ್ಕೊಂಡು ಅಗೆದ, ಅಗೆದ, ಬೆವರು ಸುರೀತು. ಯಾರು ನಗ್ತಿದಾರೋ ಅಂತ ಮೆಲ್ಲಗೆ ತಲೆ ಎತ್ತಿದ್ರೆ, ಒಬ್ಬ ಪೈಲ್ವಾನ ತನ್ನ ತೋಳು ತಾನೇ ನೋಡ್ಕೋತಿದ್ನಂತೆ, ಇನ್ನೊಬ್ಬ ಅವನ ತೋಳು ನೋಡಿ ಮುಖ ಸಪ್ಪಗೆ ಮಾಡ್ಕೊಂಡಿದ್ನಂತೆ. ಇವನನ್ನ ಕೇಳೋರೇ ಇಲ್ಲ. ಹುಡುಗನಿಗೆ ಕಿಸಕ್ಕಂತ ನಗು ಬಂತಂತೆ.

ಮನೆಗೆ ಬಂದಾಗ ತಾಯಿ ಅವನ ಭುಜ ಮೂಸಿ ನೋಡಿ ಗೊಳೋ ಅಂತ ಅತ್ತಳಂತೆ. ಅವನು ಅರ್ಧ ಹಾಲು ಅವಳ ಲೋಟಕ್ಕೆ ಸುರಿದು, ನೀನು ಕುಡಿದ್ರೇನೇ ನಾನು ಕುಡಿಯೋದು ಅಂತ ಕೂತ್ನಂತೆ. ಆಮೇಲೆ ಒಂದು ದಿನಾನೂ ಗರಡಿ ತಪ್ಪಿಸಲಿಲ್ವಂತೆ.

ಮತ್ತೆ ಹೆಸರು ಕೇಳ್ತೀಯಲ್ಲೇ! ಆ ಹೆಸರು ನನ್ನ ಬಾಯಲ್ಲಿ ಬರಬಾರದು ಕಣೇ. ಹೂಂ, ಅವರೇ, ಗೋಡೆ ಮೇಲೆ ಫೋಟೋದಲ್ಲಿರೋರು, ನಿಮ್ಮ ತಾತ. ನಮ್ಮತ್ತೇನೇ ಇದನ್ನೆಲ್ಲ ಹೇಳಿದ್ದು. ಮದುವೆಯಾಗಿ ಬಂದ ಹೊಸದರಲ್ಲಿ ಅವರ ಪಂಚೆ ಒಗೆದ್ರೆ ಕಲ್ಲ ಮೇಲೆ ಕೆಂಪು ನೀರು ಹರೀತಿತ್ತು. ಎಷ್ಟು ಬಯ್ಕೊಂಡು ಒಗೀತಿದ್ದೆ ಗೊತ್ತಾ? ಈಗ ಆ ವಾಸನೆ ಒಂದ್ಸಲ ಬಂದ್ರೆ ಸಾಕು ಅನ್ಸುತ್ತೆ.

ನಡುಮನೇಲಿ ಯಾರದು ಕೆಮ್ಮಿದ್ದು? ಲೋ ಗುರುಮಲ್ಲ, ಮಗನೇ, ಕೇಳಿಸ್ಕೊಂಡ್ಯಾ? ಜಿಮ್ಮಿಗೆ ಸೇರಿ ಮೂರು ದಿನ ಆಯ್ತು, ನಿನ್ನ ಬನೀನು ಒಗೆಯೋಳು ನಾನು. ಅದರಲ್ಲಿರೋದು ಬೆವರಲ್ಲ, ನಲ್ಲಿ ನೀರು. ನಾಳೆ ಬಾಗಿಲು ದಾಟಿ ಒಳಗೆ ಹೋಗಪ್ಪ, ಬಂದ ಮೇಲೆ ಹಾಲು ಕಾಯಿಸಿ ಕೊಡ್ತೀನಿ, ಇಬ್ರೂ ಕುಡಿಯೋಣ.

ಮಲ್ಕೋ ಪುಟ್ಟಿ. ತಾತನ ಕತೆ ಮುಗೀತು, ನಿಮ್ಮಪ್ಪಂದು ನಾಳೆ ಶುರು.